ಮೀಟರಕ್ಕನ ಇಪ್ಪತ್ತನಾಲ್ಕು ಸಾಲು ದೀಪ

ಕರೆಂಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕಳ್ಳ ಸಂಪರ್ಕ ಹಿಡಿಯುವ ಕೆಲಸ ಮಾಡಿ ನಿವೃತ್ತಳಾದ ಆಕೆಯನ್ನು ಇಡೀ ಬಡಾವಣೆ ಮೀಟರಕ್ಕ ಎಂದೇ ಕರೆಯುತ್ತಿತ್ತು. ಬೆನ್ನ ಹಿಂದೆ ಮಾತ್ರ. ಎದುರಿಗೆ ಎಲ್ಲರಿಗೂ ಆಕೆ ಮೇಡಂ. ಹೆಗಲಿಗೆ ಚರ್ಮದ ಚೀಲ, ಜೇಬಿನಲ್ಲಿ ಟೆಸ್ಟರು ಇಟ್ಟುಕೊಂಡು ಆಕೆ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಮನೆಮನೆಯಲ್ಲೂ ಫ್ಯಾನುಗಳು ನಿಲ್ಲುತ್ತಿದ್ದವು, ದೀಪಗಳು ಒಂದೊಂದಾಗಿ ಆರುತ್ತಿದ್ದವು. ತಪ್ಪು ಮಾಡದವರೂ ಆರಿಸುತ್ತಿದ್ದರು. ಬಾಗಿಲು ತೆರೆದವರು ಅರೆಗತ್ತಲಲ್ಲಿ ನಿಂತು, "ಬನ್ನಿ ಮೇಡಂ, ನಮ್ಮದೇನಿದೆ ನೋಡೋಕೆ" ಎಂದು ಹಲ್ಲು ಕಿರಿಯುತ್ತಿದ್ದರು.

ಆ ನಗುವನ್ನು ನೋಡಿ ನೋಡಿ ಮೀಟರಕ್ಕನಿಗೆ ಯಾರು ನಕ್ಕರೂ ಒಳಗೇನೋ ಇದೆ ಅನ್ನಿಸುವುದು ರೂಢಿಯಾಗಿಹೋಗಿತ್ತು. ನಿವೃತ್ತಿಯಾದರೂ ಆ ಕಣ್ಣು ನಿವೃತ್ತಿಯಾಗಲಿಲ್ಲ. ಹಾಲಿನವನು ಒಂದು ದಿನ ಬೇಗ ಬಂದರೆ ಯಾಕೆ ಬೇಗ ಬಂದ ಎಂದು ಯೋಚಿಸುತ್ತಿದ್ದಳು. ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದ ಎಂದು. ಜೊತೆಯಲ್ಲಿದ್ದವಳು ತಂಗಿ ಒಬ್ಬಳೇ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳ ಕೆಲಸ. "ನಮ್ಮಕ್ಕನಿಗೆ ಸೊಳ್ಳೆ ಕಚ್ಚಿದರೆ ಕೆರ್ಕೊಳ್ಳಲ್ಲ, ಯಾರು ಕಳಿಸಿದ್ದು ಅಂತ ಕೇಳ್ತಾಳೆ" ಎಂದು ಅವಳು ಕೌಂಟರಿನವರ ಮುಂದೆ ನಗೆಯಾಡುತ್ತಿದ್ದಳು.

ದೀಪದ ಹುಚ್ಚು ಹತ್ತಿದ್ದು ಒಂದು ಕ್ರಿಸ್‌ಮಸ್ ಸಂಜೆ. ಪೇಟೆಯ ದೊಡ್ಡ ಅಂಗಡಿಯೊಂದರ ಮುಂದೆ ಕಂಪ್ಯೂಟರ್ ಹೇಳಿದಂತೆ ಕುಣಿಯುವ ದೀಪಗಳನ್ನು ಕಟ್ಟಿದ್ದರು. ಮೀಟರಕ್ಕ ನಿಂತು ನೋಡಿದಳು. ಮೊದಲು ನೋಡಿದ್ದು ಕೇಬಲ್ ಎಲ್ಲಿಂದ ಬಂದಿದೆ ಎಂದು. ಆಮೇಲೆ ಸುತ್ತಲಿನವರನ್ನು ನೋಡಿದಳು. ನೂರಾರು ಮುಖಗಳು ಮೇಲೆತ್ತಿಕೊಂಡು, ಬಾಯಿ ತೆರೆದುಕೊಂಡು ನಿಂತಿದ್ದವು. ಆಕೆ ಅಲ್ಲಿದ್ದಾಳೆಂಬ ಪರಿವೆಯೇ ಯಾರಿಗೂ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಮುಂದಿನ ವರ್ಷ ನಮ್ಮನೆ ಮುಂದೆ ಹಾಗೆ ಮಾಡ್ತೀನಿ."

"ನೀನಾ? ನಿನ್ನ ಮುಖ ಕಂಡ್ರೆ ಜನ ದೀಪ ಆರಿಸ್ತಾರೆ ಕಣೆ, ನೋಡೋಕೆ ಯಾರು ಬರ್ತಾರೆ?" ಎಂದಳು ತಂಗಿ.

ತಮಾಷೆಗೆ ಆಡಿದ ಮಾತು. ಆದರೆ ಮೀಟರಕ್ಕನಿಗೆ ಅದು ನಾಟಿತು.

ಹೊಸದನ್ನು ಕೊಳ್ಳುವ ಯೋಚನೆ ಆಕೆಗೆ ಬರಲೇ ಇಲ್ಲ. ಪೆಟ್ಟಿಗೆಯೊಳಗೆ ಮುಚ್ಚಿ ಕೊಟ್ಟ ಸಾಮಾನನ್ನು ಆಕೆ ಎಂದೂ ನಂಬಿದವಳಲ್ಲ. ಹಳೆಯದಾದರೆ ಬಿಚ್ಚಿ ನೋಡಬಹುದು. ವಾರಕ್ಕೆರಡು ಸಲ ಗುಜರಿ ಅಂಗಡಿಗೆ ಹೋಗತೊಡಗಿದಳು. ಯಾವುದೋ ಕಚೇರಿ ಎಸೆದ ಕಂಪ್ಯೂಟರ್, ಕೆಟ್ಟ ಲಿಫ್ಟಿನ ಪೆಟ್ಟಿಗೆಯಿಂದ ತೆಗೆದ, ಕರೆಂಟು ತಾಗಿದರೆ ತಾವಾಗಿ ಬಡಿಯುವ ರಿಲೇ ಸ್ವಿಚ್ಚುಗಳು, ಬಾಗಿಲು ಮುಚ್ಚಿದ ಬಟ್ಟೆ ಅಂಗಡಿಯ ಮೂರು ತಂತಿ ಜಿಂಕೆಗಳು, ನೆಗ್ಗಿದ ತಗಡಿನ ಗಂಟೆ, ಬಣ್ಣ ಹೋದ ನಕ್ಷತ್ರಗಳು. ಪ್ರತಿಯೊಂದಕ್ಕೂ ವಿಚಾರಣೆ.

"ಇದು ಎಲ್ಲಿಂದ ಬಂತು? ಯಾರು ತಂದು ಹಾಕಿದ್ದು?"

"ಮೇಡಂ, ಬೇಕಾದ್ರೆ ತಗೊಳ್ಳಿ, ಬೇಡಾಂದ್ರೆ ಬಿಡಿ. ಸತ್ತ ಜಿಂಕೆಗೆ ಊರು ಕೇರಿ ಕೇಳ್ಕೊಂಡು ನನ್ನ ಪ್ರಾಣ ತಿನ್ನಬೇಡಿ" ಎಂದು ಗುಜರಿಯವನು ಕೈ ಮುಗಿಯುತ್ತಿದ್ದ.

ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿಕೊಂಡಳು. ಅದು ಅಪ್ಪ ಇಸ್ತ್ರಿ ಮಾಡುತ್ತಿದ್ದ ಕೋಣೆ. ಬೆಳಗಿನಿಂದ ಸಂಜೆಯವರೆಗೆ ಮೂರು ಇಸ್ತ್ರಿ ಪೆಟ್ಟಿಗೆಗಳು ಕಾದುಕೊಂಡೇ ಇರುತ್ತಿದ್ದ ಕೋಣೆ. ಅದರ ದುಡಿಮೆಯಲ್ಲೇ ಅಪ್ಪ ಹಿರಿಯವಳನ್ನು ಡಿಪ್ಲೊಮಾ ಓದಿಸಿದ್ದು, ಕಿರಿಯವಳನ್ನು ಔಷಧಿಯ ಕೋರ್ಸಿಗೆ ಸೇರಿಸಿದ್ದು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಆ ಕೋಣೆಯಲ್ಲಿ ಹಳೆಯ ಟ್ರಂಕುಗಳು, ಮುರಿದ ಕುರ್ಚಿಗಳು. ಮೂಲೆಯಲ್ಲಿ ಇಸ್ತ್ರಿಗೆಂದು ಹಾಕಿಸಿದ್ದ ದಪ್ಪ ಕಂದು ಪ್ಲಗ್ಗು ಹಾಗೇ ಇತ್ತು. ಇಷ್ಟು ಲೋಡಿಗೆ ಇದೇ ಸರಿ ಎಂದು ಮೀಟರಕ್ಕ ಕಂಪ್ಯೂಟರನ್ನೂ ರಿಲೇ ಹಲಗೆಯನ್ನೂ ಅದಕ್ಕೇ ಹಾಕಿದಳು.

ಏಳೆಂಟು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಳು. ಬೆಸುಗೆಯ ಹೊಗೆಗೆ ಮನೆಯೆಲ್ಲ ಘಾಟು. ಒಂದು ಜಿಂಕೆಗೆ ಕೊಂಬಿರಲಿಲ್ಲ; ಸೈಕಲ್ಲಿನ ಕಡ್ಡಿ ಬಗ್ಗಿಸಿ ಕೊಂಬು ಮಾಡಿದಳು. ಪ್ರೋಗ್ರಾಮನ್ನು ಪುಸ್ತಕ ನೋಡಿ ತಾನೇ ಕಲಿತು ಬರೆದಳು: ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡಿಗೆ ಏಳನೆಯ ಸಾಲು ಹೊತ್ತಬೇಕು, ಎರಡು ಸೆಕೆಂಡು ಬಿಟ್ಟು ಆರಬೇಕು, ಆಗ ಎಂಟನೆಯದು. ಹೀಗೆ ಇಪ್ಪತ್ತನಾಲ್ಕು ಸಾಲು. ಗುಂಡಿ ಒತ್ತಿದರೆ ರಿಲೇಗಳು ಟಕಟಕ ಎಂದು ಬಾಯಿ ಬಡಿದುಕೊಳ್ಳುತ್ತಿದ್ದವು. "ಬೆರಳಚ್ಚು ಮಾಡೋರನ್ನ ಕೋಣೇಲಿ ಕೂಡಿಹಾಕಿದ ಹಾಗಿದೆ" ಎಂದಳು ತಂಗಿ.

ಡಿಸೆಂಬರಿನ ಮೊದಲ ದಿನ ಎದುರುಮನೆಯ ದರ್ಜಿ ಒಂದು ದೊಡ್ಡ ರಟ್ಟಿನ ಡಬ್ಬ ಹೊತ್ತುಕೊಂಡು ಬಂದ. ಎಪ್ಪತ್ತು ದಾಟಿದ ಮನುಷ್ಯ. ಅಪ್ಪನ ಕಾಲದ ಸ್ನೇಹ. ಹೊಲಿದ ಬಟ್ಟೆಗೆಲ್ಲ ಅಪ್ಪನದೇ ಇಸ್ತ್ರಿಯಾಗುತ್ತಿತ್ತು. ಆದರೆ ಹತ್ತೊಂಬತ್ತು ವರ್ಷದ ಹಿಂದೆ ಅವನ ಮೀಟರಿನ ಚಕ್ರ ತಿರುಗದಂತೆ ಫೋಟೋ ಫಿಲ್ಮಿನ ಚೂರು ಸಿಕ್ಕಿಸಿದ್ದನ್ನು ಹಿಡಿದವಳು ಇದೇ ಮೀಟರಕ್ಕ. ಹೊಲಿಗೆಯ ಭರಾಟೆ ಇದ್ದ ತಿಂಗಳಲ್ಲೇ ಇಪ್ಪತ್ತೆರಡು ದಿನ ಅವನ ಮನೆಗೆ ಕರೆಂಟಿರಲಿಲ್ಲ. ಅಲ್ಲಿಂದೀಚೆಗೆ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ.

"ಅಂಗಡಿ ಕಿಟಕಿಗೆ ಹಾಕ್ತಿದ್ದ ಸೀರಿಯಲ್ ಸೆಟ್ಟುಗಳು ಮೇಡಂ. ನನಗೀಗ ಅಂಗಡೀನೂ ಇಲ್ಲ, ಕಿಟಕೀನೂ ಇಲ್ಲ. ನಿಮಗೆ ಉಪಯೋಗಕ್ಕೆ ಬಂದ್ರೆ ಇಟ್ಕೊಳ್ಳಿ."

"ಎಷ್ಟು ಕೊಡಬೇಕು?"

"ಸುಮ್ನೆ ಇಟ್ಕೊಳ್ಳಿ ಮೇಡಂ" ಎಂದು ನಕ್ಕು ಹೋದ.

ಸುಮ್ಮನೆ! ಮೀಟರಕ್ಕ ಡಬ್ಬವನ್ನು ವರಾಂಡದಲ್ಲೇ ಇರಿಸಿ ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಪ್ರತಿ ಬಲ್ಬನ್ನೂ ಕಳಚಿ, ಪ್ರತಿ ತಂತಿಯನ್ನೂ ಬೆರಳಲ್ಲಿ ಸವರಿ ನೋಡಿದಳು. ಎಲ್ಲ ಸರಿಯಾಗಿದ್ದವು. ಅದೇ ಇನ್ನಷ್ಟು ಅನುಮಾನ ತಂದಿತು.

ಪರೀಕ್ಷೆ ಶುರುವಾಯಿತು. ದಿನಕ್ಕೆ ಎರಡು ಗಂಟೆ ದೀಪಗಳನ್ನು ಓಡಿಸಿ, ಬೆಳಿಗ್ಗೆ ಎದ್ದು ವರಾಂಡದ ಮೀಟರು ಓದಿ ಪುಸ್ತಕದಲ್ಲಿ ಬರೆದಿಡುವಳು. ಮನೆಗೆ ದಿನಕ್ಕೆ ನಾಲ್ಕು ಯೂನಿಟ್ ಮಾಮೂಲು. ದೀಪಗಳಿಗೆ ಎರಡಾದರೂ ಸೇರಬೇಕು. ಆರು ಬರಬೇಕಾದಲ್ಲಿ ನಾಲ್ಕೇ ಬಂತು. ಮರುದಿನವೂ ನಾಲ್ಕು. ಅದರ ಮರುದಿನ ನಾಲ್ಕಕ್ಕೂ ಒಂದಿಷ್ಟು ಕಡಿಮೆ.

ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಮೀಟರಕ್ಕ ಟಾರ್ಚು ಬಿಟ್ಟು ಮೀಟರಿನ ಸೀಲನ್ನು ಎರಡೆರಡು ಸಲ ನೋಡಿದಳು.

"ಮೀಟರು ಮುದಿಯಾಗಿರಬೇಕು ಬಿಡೆ" ಎಂದಳು ತಂಗಿ.

"ಮೀಟರಿಗೆ ಎರಡು ವರ್ಷ. ನಾನೇ ನಿಂತು ಹಾಕಿಸಿದ್ದು. ಇದರಲ್ಲಿ ಯಾರದೋ ಕೈ ಇದೆ."

ಯಾರದು? ಆಕೆ ವರಾಂಡದಲ್ಲಿ ಕುಳಿತು ಎದುರುಮನೆಯನ್ನು ನೋಡಿದಳು. ದರ್ಜಿ ತನ್ನ ಪಡಸಾಲೆಯಲ್ಲಿ ಯಂತ್ರದ ಮುಂದೆ ಕುಳಿತು ಯಾರದೋ ಪ್ಯಾಂಟಿನ ಅಂಚು ಮಡಿಚುತ್ತಿದ್ದ. ತಲೆಯೆತ್ತಿ ನಕ್ಕ. ಮೀಟರಕ್ಕನ ತಲೆಯೊಳಗೆ ಒಂದಕ್ಕೊಂದು ಜೋಡಿಸಿಕೊಳ್ಳತೊಡಗಿತು. ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು. ತಾನಾಗಿ ಬಂದು ಡಬ್ಬ ಕೊಟ್ಟ. ಇನ್ನಷ್ಟು ದೀಪ ಹೊತ್ತಿಸಲಿ, ಬೀದಿಗೆಲ್ಲ ಕಾಣಲಿ ಎಂದು. ಯಾರನ್ನೋ ಹಿಡಿದು ನಮ್ಮ ಮನೆಗೊಂದು ಕಳ್ಳ ತಂತಿ ಎಳೆಸಿದ್ದಾನೆ. ಕ್ರಿಸ್‌ಮಸ್ ದಿನ ಜನ ಸೇರಿದಾಗ ಆಫೀಸಿನವರಿಗೆ ಒಂದು ಫೋನು. ಕಳ್ಳರನ್ನು ಹಿಡಿದವಳ ಮನೆಯಲ್ಲೇ ಕಳ್ಳ ಕರೆಂಟು! ಇದಕ್ಕಿಂತ ಚೆನ್ನಾಗಿ ಸೇಡು ತೀರಿಸಿಕೊಳ್ಳಲು ಸಾಧ್ಯವೇ?

ಅಂದಿನಿಂದ ಆಕೆ ದರ್ಜಿಯ ಮೇಲೆ ಕಣ್ಣಿಟ್ಟಳು. ಅವನು ಯಾವಾಗ ಹೊರಗೆ ಹೋದ, ಯಾರು ಬಂದರು, ಅವನ ಮನೆಯ ತಾರಸಿಯಿಂದ ತಮ್ಮ ಮನೆಯ ಕಡೆಗೆ ಏನಾದರೂ ಹಾದಿದೆಯೇ, ಎಲ್ಲವನ್ನೂ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಳು. ಬರೆಯಲು ಸಿಕ್ಕಿದ್ದು ಇಷ್ಟೇ: ಬೆಳಿಗ್ಗೆ ಪೇಪರ್ ತಂದ, ಎರಡು ಸಲ ಕೆಮ್ಮಿದ, ಒಬ್ಬ ಹೆಂಗಸು ರವಿಕೆ ಬಿಗಿಯಾಯಿತೆಂದು ಜಗಳವಾಡಿ ಹೋದಳು.

ಒಂದು ಮಧ್ಯಾಹ್ನ ವರಾಂಡದ ಸೂರಿಗೆ ನಕ್ಷತ್ರ ಬಿಗಿಯಲು ಮೀಟರಕ್ಕ ಮೇನ್ ಸ್ವಿಚ್ ಇಳಿಸಿ ಏಣಿ ಹತ್ತಿದಳು. ಇಕ್ಕಳ ಹಿಂದಿನ ಕೋಣೆಯಲ್ಲಿ ಉಳಿದಿತ್ತು. ತರಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕಂಪ್ಯೂಟರಿನ ಫ್ಯಾನು ಗುಂಯ್‌ಗುಟ್ಟುತ್ತಿತ್ತು. ರಿಲೇ ಹಲಗೆಯ ಮೇಲೆ ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಮನೆಯ ಕರೆಂಟನ್ನೆಲ್ಲ ಆರಿಸಿದ್ದಾಳೆ. ಈ ಕೋಣೆಗೆ ಅದರ ಸುದ್ದಿಯೇ ತಲುಪಿಲ್ಲ.

ಪ್ಲಗ್ಗಿಗೆ ಟೆಸ್ಟರು ಚುಚ್ಚಿದಳು. ಹೊತ್ತಿತು.

ಕಂಬವಿದ್ದದ್ದು ಹಿಂದಿನ ಓಣಿಯಲ್ಲಿ. ಅಲ್ಲಿಂದ ಬಂದ ತಂತಿ ಅಟ್ಟದೊಳಗೆ ಹಾದು ಮುಂದಿನ ವರಾಂಡದ ಮೀಟರಿಗೆ ಹೋಗುತ್ತಿತ್ತು. ಕದ್ದವನು ಕದ್ದಿರುವುದು ಅಟ್ಟದಲ್ಲೇ. ಮೀಟರಕ್ಕ ಟಾರ್ಚು ಹಿಡಿದು ಅಟ್ಟ ಹತ್ತಿದಳು. ದರ್ಜಿಯ ಕೈವಾಡದ ಗುರುತು ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿತ್ತು. ಧೂಳಿನಲ್ಲಿ ಮೊಣಕಾಲೂರಿ ತೆವಳಿದಳು. ಕಳ್ಳ ಸಂಪರ್ಕ ಸಿಕ್ಕಿತು. ತಂತಿಯ ಸಿಪ್ಪೆ ಹೆರೆದು, ಇನ್ನೊಂದು ತಂತಿ ಹೆಣೆದು, ಗೋಡೆಯೊಳಗಿನ ಕೊಳವೆಗೆ ಇಳಿಬಿಟ್ಟಿದ್ದರು. ಆದರೆ ಅದರ ಮೇಲೆ ಒಂದು ಅಂಗುಲ ಧೂಳು. ಸುತ್ತಿದ್ದ ಟೇಪು ಒಣಗಿ ಪುಡಿಯಾಗಿತ್ತು. ಟೇಪಿನ ಕೆಳಗೆ ಒಂದು ಬಟ್ಟೆಯ ಪಟ್ಟಿ. ಟಾರ್ಚನ್ನು ಹತ್ತಿರ ತಂದಳು. ದಪ್ಪ ಬಿಳಿ ಬಟ್ಟೆ, ಅಲ್ಲಲ್ಲಿ ಕಂದಾಗಿ ಸುಟ್ಟದ್ದು. ಇಸ್ತ್ರಿ ಮೇಜಿಗೆ ಹಾಸುವ ಬಟ್ಟೆ.

ತಂಗಿ ಕೆಲಸದಿಂದ ಬಂದು ಕೆಳಗಿನಿಂದ, "ಅಕ್ಕಾ, ಅಟ್ಟದಲ್ಲಿ ಏನು ಮಾಡ್ತಿದ್ದೀಯ?" ಎಂದು ಕೂಗಿದಾಗ ಇಳಿದುಬಂದಳು. ಮೈಯೆಲ್ಲ ಜೇಡರಬಲೆ. ನೇರ ಬೀದಿ ದಾಟಿದಳು.

ದರ್ಜಿ ಯಂತ್ರ ನಿಲ್ಲಿಸಿದ. ಅವಳ ತಲೆಯ ಧೂಳು ನೋಡಿದ, ಕೈಯಲ್ಲಿದ್ದ ಟಾರ್ಚು ನೋಡಿದ.

"ಅಟ್ಟ ಹತ್ತಿದ್ರಾ" ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ನಿಮಗೆ ಗೊತ್ತಿತ್ತು."

"ಏಣಿ ಹಿಡಿದವನು ನಾನೇ ಮೇಡಂ. ನಿಮ್ಮಪ್ಪನಿಗೆ ಎತ್ತರ ಅಂದ್ರೆ ತಲೆ ಸುತ್ತು."

ಮೀಟರಕ್ಕ ಬೆಂಚಿನ ಮೇಲೆ ಕುಳಿತಳು. "ಯಾವಾಗ?"

"ನೀವು ಎಂಟನೇ ಕ್ಲಾಸಿರಬೇಕು. ಮೂರನೇ ಇಸ್ತ್ರಿ ಪೆಟ್ಟಿಗೆ ತಂದ ವರ್ಷ."

"ನಾನು ನಿಮ್ಮ ಮೇಲೆ ಕೇಸು ಹಾಕಿದಾಗ ಅಪ್ಪ ಇದ್ರು. ಆಗ ಯಾಕೆ ಹೇಳಲಿಲ್ಲ? ಒಂದು ಮಾತು ಬಾಯಿಬಿಟ್ಟಿದ್ರೆ ನನ್ನ ಕೆಲಸವೇ ಹೋಗ್ತಿತ್ತು."

ದರ್ಜಿ ಸೂಜಿಯ ಕೆಳಗಿನ ಬಟ್ಟೆಯನ್ನು ಎಳೆದು ದಾರ ಕತ್ತರಿಸಿದ. "ಅವತ್ತು ಸಂಜೆ ನಿಮ್ಮಪ್ಪ ಬಂದ್ರು. ಈಗ ನೀವು ಕೂತಿದ್ದೀರಲ್ಲ, ಅಲ್ಲೇ ಕೂತ್ರು. ಕತ್ತಲೆ. ನಾನು ಮಾತಾಡಲಿಲ್ಲ, ಅವರೂ ಆಡಲಿಲ್ಲ. ಒಂದು ಲೋಟ ನೀರು ಕುಡಿದು ಎದ್ದು ಹೋದ್ರು. ಮರುದಿನದಿಂದ ನನ್ನ ಬಟ್ಟೆ ಇಸ್ತ್ರಿಗೆ ಕಾಸು ತಗೊಳ್ಳಲಿಲ್ಲ. ಸಾಯೋವರೆಗೂ."

"ಮತ್ತೆ ಈಗ ದೀಪದ ಡಬ್ಬ ಕೊಟ್ಟಿದ್ದು ಯಾಕೆ? ಹಿಂದಿನ ಕೋಣೆಗೇ ಹಾಕ್ತೀನಿ, ಗೊತ್ತಾಗುತ್ತೆ ಅಂತಾನಾ?"

"ನೀವು ಎಲ್ಲಿ ಹಾಕ್ತೀರಿ ಅಂತ ದರ್ಜಿಗೇನು ಗೊತ್ತು ಮೇಡಂ?" ಎಂದು ನಕ್ಕ. ಅದೇ ನಗು. ಅದರ ಒಳಗೇನಿದೆ ಎಂದು ಮೂವತ್ತೊಂದು ವರ್ಷದ ಅನುಭವಕ್ಕೂ ಬಗೆಹರಿಯಲಿಲ್ಲ.

ಮನೆಯಲ್ಲಿ ತಂಗಿ ಸುದ್ದಿ ಕೇಳಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆ ತಂತಿ ಕತ್ತರಿಸಿ ಎಸೆದುಬಿಡು. ಯಾರಿಗೆ ಗೊತ್ತಾಗುತ್ತೆ?" ಎಂದಳು.

"ಸಿಕ್ಕಿಬಿದ್ದವರೆಲ್ಲ ನನಗೆ ಅದನ್ನೇ ಹೇಳ್ತಿದ್ರು" ಎಂದು ಮೀಟರಕ್ಕ ಹಾಳೆ ತೆಗೆದಳು.

"ಅಪ್ಪನ ಹೆಸರು ಬರೀತೀಯಾ?"

ಮೀಟರಕ್ಕ ಪೆನ್ನಿನ ಮುಚ್ಚಳ ತೆಗೆದಳು. ಅಪ್ಪನ ಮೇಲೆ ಸಿಟ್ಟು ಬರುತ್ತದೆಂದು ಕಾದಳು. ಬಂದದ್ದು ಸಿಟ್ಟಲ್ಲ, ಅನುಮಾನ. ತಾನು ಕರೆಂಟ್ ಆಫೀಸಿನ ಕೆಲಸಕ್ಕೆ ಸೇರಿದ ದಿನ ಅಪ್ಪ ಸಿಹಿ ಹಂಚಿದ್ದು ಸಂತೋಷಕ್ಕೋ, ಭಯಕ್ಕೋ? ಹಿಂದಿನ ಕೋಣೆಗೆ ಬರಬೇಡ, ಸೆಕೆ ಎನ್ನುತ್ತಿದ್ದದ್ದು ನಿಜವಾಗಿ ಸೆಕೆಗೋ? ನೆನಪಿನಲ್ಲಿ ಗಟ್ಟಿಯಾಗಿ ನಿಂತಿದ್ದ ಒಂದೊಂದನ್ನೂ ಬಿಚ್ಚಿ ನೋಡುವಂತಾಯಿತು. ಕೊನೆಗೆ ಬರೆದಳು: ಈ ಮನೆಯ ಒಡತಿಯಾದ ನಾನು, ನನ್ನ ಮನೆಯಲ್ಲಿ ಮೀಟರಿಗೆ ಮೊದಲೇ ತೆಗೆದ ಸಂಪರ್ಕವೊಂದನ್ನು ಕಂಡಿದ್ದೇನೆ, ಬಂದು ಪರಿಶೀಲಿಸಬೇಕು. ಅಪ್ಪನ ಹೆಸರು ಬರೆಯಲಿಲ್ಲ.

ಬಂದವಳು ಆಕೆಯೇ ಕೆಲಸ ಕಲಿಸಿದ್ದ ಅಧಿಕಾರಿ. ಅಟ್ಟ ಹತ್ತಿ ಇಳಿದು, ಬೆವರು ಒರೆಸಿಕೊಂಡು, ದನಿ ತಗ್ಗಿಸಿದಳು. "ಮೇಡಂ, ಇದನ್ನ ನಾನು ನೋಡೇ ಇಲ್ಲ ಅಂದ್ಕೊಳ್ಳಿ."

"ಅದಕ್ಕಾ ನಿನಗೆ ಕಲಿಸಿದ್ದು? ಬರಿ."

ಬರೆದಳು. ಮನೆಯ ತಂತಿಗಳನ್ನೆಲ್ಲ ಹೊಸದಾಗಿ ಎಳೆಸಿ ಪರೀಕ್ಷೆ ಮಾಡಿಸುವವರೆಗೆ ಸಂಪರ್ಕ ಕಡಿತ. ಕಡಿಮೆಯೆಂದರೂ ಹತ್ತು ದಿನ. ಕ್ರಿಸ್‌ಮಸ್ಸಿಗೆ ಉಳಿದಿದ್ದದ್ದು ಆರು ದಿನ. ಮಾಡಿನ ಮೇಲೆ ಜಿಂಕೆಗಳು ಕಡ್ಡಿಯ ಆಕಾರಗಳಾಗಿ ನಿಂತವು. ಬೀದಿಯವರು ಕಿಟಕಿಯಿಂದ ನೋಡಿದರು. ಮೀಟರಕ್ಕನ ಮನೆಯ ಫ್ಯೂಸ್ ಕಿತ್ತರಂತೆ ಎಂಬ ಸುದ್ದಿ ಆಸ್ಪತ್ರೆಯ ಔಷಧಿ ಕೌಂಟರಿನವರೆಗೂ ಹೋಯಿತು. ಹಾಲಿನವನು ಎರಡು ದಿನ ಆಕೆಯ ಮುಖ ನೋಡದೆ ಹಾಲು ಸುರಿದ.

ಮೂರನೆಯ ದಿನ ದರ್ಜಿ ಗೇಟಿನ ಬಳಿ ನಿಂತ. "ನಮ್ಮನೆಯಿಂದ ಒಂದು ವೈರು ಎಳ್ಕೊಳ್ಳಿ ಮೇಡಂ."

"ಒಂದು ಮನೆ ಕರೆಂಟು ಇನ್ನೊಂದು ಮನೆಗೆ ಎಳೆಯೋದೂ ತಪ್ಪೇ. ಗೊತ್ತಿದ್ದೇ ಕೇಳ್ತಿದ್ದೀರೋ, ಗೊತ್ತಿಲ್ದೆ ಕೇಳ್ತಿದ್ದೀರೋ?"

"ಹಾಗಾದ್ರೆ ಜಿಂಕೆಗಳನ್ನೇ ಈ ಕಡೆಗೆ ಹೊಡ್ಕೊಂಡು ಬನ್ನಿ. ನನ್ನ ಮನೆ ಮುಂದೆ ನಿಲ್ಲೋಕೆ ಅವಕ್ಕೇನು ಕಾನೂನು?"

ಮೀಟರಕ್ಕ ನಿಯಮದ ಪುಸ್ತಕವನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಳು. ಅಡ್ಡಿಯೇನೂ ಕಾಣಲಿಲ್ಲ. "ಮೊದಲು ನಿಮ್ಮ ಮೀಟರು ನೋಡಬೇಕು" ಎಂದಳು.

"ನೋಡಿ, ನೋಡಿ. ಹತ್ತೊಂಬತ್ತು ವರ್ಷದಿಂದ ಕಾಯ್ತಿದೆ" ಎಂದು ಅವನು ಬಾಗಿಲು ಪೂರ್ತಿ ತೆರೆದ.

ಮೀಟರು ನೋಡಿದಳು, ಅಟ್ಟ ನೋಡಿದಳು, ಮೇನ್ ಸ್ವಿಚ್ ಇಳಿಸಿ ಪ್ರತಿ ಪ್ಲಗ್ಗಿಗೂ ಟೆಸ್ಟರು ಚುಚ್ಚಿದಳು. ಎಲ್ಲ ಶುದ್ಧ. ಉಳಿದ ಎರಡು ದಿನ ಅಕ್ಕತಂಗಿಯರು ಬೀದಿಯ ಆ ಬದಿಯಿಂದ ಈ ಬದಿಗೆ ಹೊತ್ತದ್ದೇ ಹೊತ್ತದ್ದು. ದರ್ಜಿಯ ಮನೆ ಗಿಡ್ಡ; ಮಾಡಿನ ಮೂರು ಸಾಲುಗಳನ್ನು ಬಾಗಿಲ ಸುತ್ತ ಇಳಿಸಬೇಕಾಯಿತು, ಪ್ರೋಗ್ರಾಮಿನಲ್ಲಿ ಅಷ್ಟನ್ನೂ ಅದಲುಬದಲು ಮಾಡಬೇಕಾಯಿತು. ಕಂಪ್ಯೂಟರು ಹೊಲಿಗೆ ಯಂತ್ರದ ಮೇಜಿನ ಮೇಲೆ ಕುಳಿತಿತು.

ಕ್ರಿಸ್‌ಮಸ್ ಸಂಜೆ ಆರೂವರೆಗೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಆರೂ ಕಾಲಿಗೆ ಮೀಟರಕ್ಕ ಟೆಸ್ಟರು ಹಿಡಿದು ಬೀದಿಗಿಳಿದಳು; ಒಂದು ಜಿಂಕೆಯ ತಂತಿ ಸಡಿಲವಾಗಿತ್ತು. ಅವಳನ್ನು ಕಂಡದ್ದೇ ಮೂಲೆಯ ಮನೆಯ ದೀಪ ಆರಿತು. ಪಕ್ಕದ್ದು ಆರಿತು. ನೋಡನೋಡುತ್ತ ಅರ್ಧ ಬೀದಿ ಕತ್ತಲಾಯಿತು. ದರ್ಜಿ ಪಡಸಾಲೆಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಿಡಿ ಮೇಡಂ, ಕತ್ತಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ!"

ಆರೂವರೆಗೆ ರಿಲೇಗಳು ಟಕಟಕಿಸಿದವು. ಮೊದಲು ನಕ್ಷತ್ರ, ಆಮೇಲೆ ಬಾಗಿಲ ಸುತ್ತ ಒಂದೊಂದೇ ಸಾಲು ಹರಿದು, ಮೂರು ಜಿಂಕೆಗಳು ಒಂದರ ಹಿಂದೊಂದು ನೆಗೆದವು. ಕಿಟಕಿಗಳು ತೆರೆದವು. ಬಾಗಿಲುಗಳು ತೆರೆದವು. ಶಾಲು ಹೊದ್ದವರು, ಅಡಿಗೆಯ ಕೈ ಒರೆಸಿಕೊಳ್ಳುತ್ತ ಬಂದವರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು ಬೀದಿ ತುಂಬಿದರು. ಹನ್ನೊಂದನೆಯ ಸಾಲಿನ ಗಂಟೆ ಮಾತ್ರ ಹೊತ್ತಿದ್ದು ಆರಲೇ ಇಲ್ಲ, ರಿಲೇ ಅಂಟಿಕೊಂಡಿತ್ತು. ಯಾರೂ ಅದನ್ನು ತಪ್ಪೆಂದು ಎಣಿಸಲಿಲ್ಲ. ಮೂಲೆಯ ಮನೆಯಾಕೆ ಮೀಟರಕ್ಕನ ಪಕ್ಕದಲ್ಲೇ ನಿಂತು, "ಎಷ್ಟು ಚೆನ್ನಾಗಿದೆ ಮೇಡಂ" ಎಂದಳು. ಇದನ್ನು ಯಾಕೆ ಹೇಳಿದಳು ಎಂದು ಮೀಟರಕ್ಕ ಒಂದು ಕ್ಷಣ ಯೋಚಿಸಿದಳು. ಕಾರಣ ಹೊಳೆಯಲಿಲ್ಲ. "ಹನ್ನೊಂದನೇದು ಕೆಟ್ಟಿದೆ, ನಾಳೆ ಸರಿ ಮಾಡ್ತೀನಿ" ಎಂದಳು.

ಹೊಸ ವರ್ಷದ ಮೊದಲ ವಾರ ಮನೆಗೆ ಕರೆಂಟು ಬಂತು. ಹಿಂದಿನ ಕೋಣೆಗೂ ಮೀಟರಿನಿಂದಲೇ ಹೊಸ ತಂತಿ ಬಂತು. ಅಪ್ಪನ ವಿಷಯ ಅಕ್ಕತಂಗಿಯರು ಮತ್ತೆ ಹೆಚ್ಚು ಆಡಲಿಲ್ಲ. ತಂಗಿ ಎತ್ತಿದಾಗಲೆಲ್ಲ ಮೀಟರಕ್ಕ ಎದ್ದು ಏನನ್ನಾದರೂ ಬೆಸೆಯಲು ಹೋಗುತ್ತಿದ್ದಳು. ದೀಪಗಳು ಮರುವರ್ಷವೂ ದರ್ಜಿಯ ಮನೆಯ ಮುಂದೆಯೇ ಕುಣಿದವು, ಅದರ ಮರುವರ್ಷವೂ. ಬೀದಿಯವರು ತಮ್ಮ ಹಳೆಯ ಸೀರಿಯಲ್ ಸೆಟ್ಟುಗಳನ್ನು ಚೀಲದಲ್ಲಿ ತಂದು ಮೀಟರಕ್ಕನ ಗೇಟಿಗೆ ತೂಗುಹಾಕಿ ಹೋಗತೊಡಗಿದರು. ಯಾರು ಇಟ್ಟದ್ದೆಂದು ತಿಳಿಯುವವರೆಗೆ ಆಕೆ ಒಂದನ್ನೂ ಒಳಗೆ ತರುತ್ತಿರಲಿಲ್ಲ. ಮನೆಮನೆಗೆ ಹೋಗಿ ಕೇಳುತ್ತಿದ್ದಳು. ಕೇಳಲು ಹೋದ ಮನೆಯವರು ಕೂರಿಸಿ ಕಾಫಿ ಕೊಡುತ್ತಿದ್ದರು. ಮೊದಮೊದಲು ಮೂಸಿ ನೋಡಿ ಕುಡಿಯುತ್ತಿದ್ದಳು, ಆಮೇಲಾಮೇಲೆ ಹಾಗೇ ಕುಡಿದಳು.